ನೆಲಮಾಳಿಗೆಯ ಯಂತ್ರಗಳನ್ನು ಸಾಕಿದವಳು

ಅವಳು ವಿಶ್ವವಿದ್ಯಾಲಯಕ್ಕೆ ಬಂದದ್ದು ಟೈಪಿಸ್ಟಾಗಿ. ಬೆರಳು ಎಷ್ಟು ಚುರುಕೆಂದರೆ, ಗಣಿತ ವಿಭಾಗದ ಹಳೇ ಗುಮಾಸ್ತರು "ಇವಳು ಕೂತ್ರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿರುತ್ತೆ" ಎನ್ನುತ್ತಿದ್ದರಂತೆ. ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುವ ಮೊದಲೇ ವಿಭಾಗಕ್ಕೆ ಮೊದಲನೇ ಕಂಪ್ಯೂಟರ್ ಬಂತು. ಬಂದ ತಿಂಗಳೊಪ್ಪತ್ತಿನಲ್ಲಿ ಟೈಪಿಸ್ಟ್ ಹುದ್ದೆಯೇ ರದ್ದಾಯಿತು. ಮನೆಗೆ ಕಳಿಸಲು ಮನಸ್ಸಾಗಲಿಲ್ಲವೋ, ಅದಕ್ಕೆ ಬೇಕಾದ ಕಾಗದಪತ್ರ ಮಾಡಲು ಸೋಮಾರಿತನವೋ, ಅವಳನ್ನು ಅದೇ ಕಂಪ್ಯೂಟರಿನ ಕೋಣೆಗೆ ಅಟೆಂಡರ್ ಮಾಡಿ ಹಾಕಿದರು. ತನ್ನ ಕೆಲಸ ಕಿತ್ತುಕೊಂಡ ಯಂತ್ರದ ಧೂಳನ್ನು ದಿನಾ ಬೆಳಿಗ್ಗೆ ತಾನೇ ಒರೆಸಬೇಕು.

"ಮೊದಲನೇ ವಾರ ಅದಕ್ಕೆ ಬೆನ್ನು ಹಾಕ್ಕೊಂಡೇ ಕೂತಿದ್ದೆ," ಎಂದು ಎಷ್ಟೋ ವರ್ಷಗಳ ಮೇಲೆ ನಮಗೆ ಹೇಳುತ್ತಿದ್ದಳು. "ಎರಡನೇ ವಾರ ಕೆಟ್ಟು ನಿಂತ್ಕೊಳ್ತು. ರಿಪೇರಿಯವನು ಬಂದು ಹಿಂದಿನ ಬಾಗಿಲು ಬಿಚ್ಚಿದ. ಒಳಗೆ ಒಂದ್ಸಲ ಕಣ್ಣು ಹಾಯಿಸಿದೆ ನೋಡಿ, ಅಲ್ಲಿಗೆ ನನ್ನ ಕಥೆ ಮುಗೀತು."

ಆ ವರ್ಷ ರಿಪೇರಿಯವನು ನಾಲ್ಕು ಸಲ ಬಂದ. ನಾಲ್ಕು ಸಲವೂ ಟಾರ್ಚು ಹಿಡಿದವಳು ಅವಳು. ಐದನೇ ಸಲ ಅವನಿಗೆ ಫೋನು ಮಾಡಿ, ನೀವು ಬರುವುದು ಬೇಡ, ಸರಿಯಾಗಿದೆ ಎಂದಳು.

ಅದೇ ಹೊತ್ತಿಗೆ ಐದು ಜನ ವಿದ್ಯಾರ್ಥಿಗಳು ಸೇರಿ ಕಂಪ್ಯೂಟರ್ ಕ್ಲಬ್ ಕಟ್ಟಿದರು. ಅವರ ಮುಂದಾಳು ಕಡ್ಡಿಯಂಥ ಹುಡುಗ, ದಪ್ಪ ಗಾಜಿನ ಕನ್ನಡಕ, ಎಲ್ಲರ ಬಾಯಲ್ಲೂ ಸೋಡಾಬುಡ್ಡಿ. ಕೋಣೆಯ ಬೀಗದ ಕೈ ನೌಕರರೊಬ್ಬರ ಹತ್ತಿರವೇ ಇರಬೇಕೆಂಬ ನಿಯಮವಿದ್ದುದರಿಂದ ಆರನೇ ಸದಸ್ಯೆಯಾಗಿ ಅವಳನ್ನು ಸೇರಿಸಿಕೊಂಡರು. ಮೊದಲ ಸಭೆಯ ಹಾಜರಿಯಲ್ಲಿ ಆರು ಹೆಸರಿದ್ದವು. ಆ ಹಾಜರಿಯನ್ನು ಕಂಪ್ಯೂಟರಿನಲ್ಲೇ ಟೈಪು ಮಾಡಿ ಟೇಪಿಗೆ ಹಾಕಿದವಳೂ ಅವಳೇ. ಅವತ್ತಿನಿಂದ ಅವಳು ಟೈಪಕ್ಕ.

ನಾನು ಕ್ಲಬ್ಬಿಗೆ ಸೇರಿದ್ದು ಹನ್ನೆರಡು ವರ್ಷ ಕಳೆದ ಮೇಲೆ. ಸೋಡಾಬುಡ್ಡಿ ಅಷ್ಟರಲ್ಲಿ ಓದು ಮುಗಿಸಿ ಬೇರೆಲ್ಲೋ ಮೇಷ್ಟರಾಗಿದ್ದ. ಕ್ಲಬ್ಬು ಗ್ರಂಥಾಲಯದ ನೆಲಮಾಳಿಗೆಗೆ ಇಳಿದಿತ್ತು. ಕೆಲಸದಲ್ಲಿದ್ದ ಯಂತ್ರಗಳು ಮೂರು, ನಿವೃತ್ತಿಯಾದವು ಹನ್ನೊಂದು. ಎಲ್ಲಕ್ಕೂ ಟೈಪಕ್ಕ ನಂಟಸ್ತಿಕೆಯ ಹೆಸರಿಟ್ಟಿದ್ದಳು. ಬೀರುವಿನಷ್ಟೆತ್ತರದ ಮೊದಲನೇ ಯಂತ್ರ ಅಜ್ಜಿ. ಸದಾ ಗುರುಗುಡುವುದು ದೊಡ್ಡಪ್ಪ. ಮಾಹಿತಿ ತುಂಬಿಟ್ಟ ಟೇಪುಗಳನ್ನು ಓದುತ್ತಿದ್ದುದು ಚಿಕ್ಕಮ್ಮ. ಒಂದೊಂದಕ್ಕೂ ಅವಳೇ ಬರೆದ ಉದ್ದನೆಯ ರಿಜಿಸ್ಟರಿನಲ್ಲಿ ಒಂದಿಷ್ಟು ಪುಟ: ಬಂದ ದಿನ, ಬಂದ ಕಾಯಿಲೆ, ಮಾಡಿದ ಉಪಚಾರ, ನಿವೃತ್ತಿಯ ದಿನ. "ಅಜ್ಜಿಗೆ ಥಂಡಿ ಹವೆ ಆಗದು, ಎಡಗಡೆ ಫ್ಯಾನು ಕೆಮ್ಮುತ್ತದೆ, ಬಿಚ್ಚಿ ಒರೆಸಿ." "ಚಿಕ್ಕಮ್ಮನಿಗೆ ಅವಸರ ಮಾಡಿದರೆ ಮುನಿಸು. ಗುಂಡಿ ಒತ್ತಿ ಕೈಕಟ್ಟಿ ನಿಲ್ಲಿ." ಇಂಥ ಮಾತುಗಳು ಅದರ ತುಂಬ.

ನಿವೃತ್ತಿಯಾದ ಪ್ರತಿಯೊಂದನ್ನೂ ಮೂರು ತಿಂಗಳಿಗೊಮ್ಮೆ ಚಾಲೂ ಮಾಡಬೇಕೆಂಬುದು ಅವಳ ಕಟ್ಟಳೆ. ಸತ್ತ ಕುದುರೆಗೆ ಹುಲ್ಲು ಹಾಕುವುದೇಕೆ ಎಂದು ನಾವು ಹುಡುಗಾಟ ಆಡುತ್ತಿದ್ದೆವು. ಒಮ್ಮೆ ರಸಾಯನ ವಿಭಾಗದ ಸಂಶೋಧಕಿಯೊಬ್ಬಳು ಅಳುತ್ತಾ ಮೆಟ್ಟಿಲಿಳಿದು ಬಂದಳು. ಐದು ವರ್ಷದ ಕೆಲಸವಿದ್ದ ಅವಳ ಯಂತ್ರ ಸುಟ್ಟುಹೋಗಿತ್ತು. ಉಳಿದಿದ್ದ ಪ್ರತಿ ನಮ್ಮ ಹಳೇ ಟೇಪೊಂದರಲ್ಲಿ. ಹೊಸ ಯಂತ್ರಗಳಿಗೆ ಆ ಟೇಪು ಏನೆಂದೇ ಗೊತ್ತಿಲ್ಲ. ಟೈಪಕ್ಕ ಚಿಕ್ಕಮ್ಮನನ್ನು ಎಬ್ಬಿಸಿದಳು, ಕೈಕಟ್ಟಿ ನಿಂತಳು. ಮುಕ್ಕಾಲು ಗಂಟೆಯಲ್ಲಿ ಐದು ವರ್ಷ ವಾಪಸ್ಸು ಬಂತು. ಆಮೇಲೆ ನಾವು ಕುದುರೆಯ ಮಾತು ಎತ್ತಲಿಲ್ಲ.

ಅವಳ ಗಂಡ ದರ್ಜಿ, ಮಾತುಗಾರ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ನು. ನಾವು ಹೋದಾಗಲೆಲ್ಲ, "ಬನ್ನಿ ಬನ್ನಿ, ನನ್ನ ಸವತಿಯರೆಲ್ಲ ಆರೋಗ್ಯಾನಾ?" ಎಂದು ವಿಚಾರಿಸುತ್ತಿದ್ದ.

"ನಿಮಗೆ ಸವತಿ ಹೇಗಾಗ್ತಾರ್ರೀ? ಸರಿಯಾಗಿ ಹೇಳಿ," ಎಂದು ಅವಳು ಒಳಗಿನಿಂದ ತಿದ್ದುತ್ತಿದ್ದಳು.

"ಹೆಂಡತಿ ದಿನಾ ಹನ್ನೊಂದು ಜನರ ಸೇವೆ ಮಾಡಿ ಬಂದು ನನಗೆ ತಣ್ಣಗಿನ ಊಟ ಬಡಿಸಿದ್ರೆ ಅವರು ನನಗೆ ಏನಾಗ್ಬೇಕು, ನೀನೇ ಹೇಳು!"

ಅವಳ ಕೆಲಸದ ಕೊನೆಯ ವರ್ಷ ಸೋಡಾಬುಡ್ಡಿ ವಿಭಾಗದ ಮುಖ್ಯಸ್ಥನಾಗಿ ಮರಳಿದ. ಮೈ ತುಂಬಿಕೊಂಡಿತ್ತು, ಕನ್ನಡಕ ತೆಳ್ಳಗಾಗಿತ್ತು. ಬಂದವನೇ ನೆಲಮಾಳಿಗೆಗೆ ಇಳಿದು, "ಅಕ್ಕ, ಇವಕ್ಕೆಲ್ಲ ಬೆಳಕು ತೋರಿಸೋಣ. ಹೊಸ ಕಟ್ಟಡದಲ್ಲಿ ಗಾಜಿನ ಹಾಲ್ ಮಾಡಿಸ್ತಿದ್ದೀನಿ" ಎಂದ. ಅವಳಿಗೆ ಸ್ವರ್ಗ ಮೂರೇ ಗೇಣು. ಫಲಕ ಬರೆಸಲು ರಿಜಿಸ್ಟರ್ ಬೇಕೆಂದ. ಕೊಟ್ಟಳು. ಯಂತ್ರಗಳನ್ನು ಒಯ್ಯಲು ಬಂದವರಿಗೆ, ಯಾವುದನ್ನು ಯಾವ ಮಗ್ಗುಲಿಗೆ ಹಿಡಿಯಬೇಕೆಂದು ಬಾಣಂತಿಯನ್ನು ಕಳಿಸಿಕೊಡುವಂತೆ ಹೇಳಿ ಕಳಿಸಿದಳು. ಎರಡು ತಿಂಗಳಿಗೆ ಅವಳ ನಿವೃತ್ತಿಯೂ ಆಯಿತು.

ಉದ್ಘಾಟನೆಯ ದಿನ ಹಳೇ ಸದಸ್ಯರಿಗೆಲ್ಲ ಕರೆ ಬಂದಿತ್ತು. ನಾನೂ ಹೋಗಿದ್ದೆ. ಟೈಪಕ್ಕನಿಗೆ ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ ಕುರ್ಚಿ ಸಿಕ್ಕಿತ್ತು. ಬಾಗಿಲಲ್ಲಿ ಎಲ್ಲರಿಗೂ ಒಂದು ದಪ್ಪ ಪುಸ್ತಕ ಕೊಟ್ಟರು: ಕ್ಲಬ್ಬಿನ ಯಂತ್ರಗಳ ಚರಿತ್ರೆ, ಬರೆದವರು ವಿಭಾಗದ ಮುಖ್ಯಸ್ಥರು. ತೆರೆದು ನೋಡಿದರೆ ಅಜ್ಜಿಯ ಕೆಮ್ಮು ಅಲ್ಲಿದೆ, ಚಿಕ್ಕಮ್ಮನ ಮುನಿಸು ಅಲ್ಲಿದೆ, ಕೈಕಟ್ಟಿ ನಿಲ್ಲುವುದೂ ಇದೆ. ಟೈಪಕ್ಕ ಮಾತ್ರ ಇಲ್ಲ. ಕ್ಲಬ್ಬು ಕಟ್ಟಿದವರು ಐದು ಜನ ಎಂದಿದೆ. ವೇದಿಕೆಯ ಮೇಲೆ ಅವನು ಅವೇ ಸಾಲುಗಳನ್ನು ಓದಿ ಸಭೆಯನ್ನು ನಗಿಸಿದ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಎದ್ದು ನಿಂತು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಅವಳು ಪುಸ್ತಕ ಮಡಿಲಲ್ಲಿಟ್ಟುಕೊಂಡು ನಗುತ್ತಲೇ ಇದ್ದಳು. ಪುಸ್ತಕದ ವಿಷಯವನ್ನು ಹೊಟ್ಟೆಗೆ ಹಾಕಿಕೊಂಡಳೆಂದೇ ನನ್ನ ಭಾವನೆ. ಆಮೇಲೆ ಎಲ್ಲರೂ ಗಾಜಿನ ಹಾಲಿಗೆ ಹೋದೆವು. ಅಜ್ಜಿಯ ಹೊಟ್ಟೆ ಇದ್ದಲ್ಲಿ ದೊಡ್ಡ ಹೊಸ ಪರದೆ. ಅದರಲ್ಲಿ ಅಜ್ಜಿಯ ಬಗ್ಗೆಯೇ ಒಂದು ಚಿತ್ರ ಓಡುತ್ತಿತ್ತು. ದೊಡ್ಡಪ್ಪನೊಳಗೆ ನೀಲಿ ದೀಪ. ಚಿಕ್ಕಮ್ಮನ ಬಾಗಿಲ ಹಿಂದೆ ಏನೂ ಇರಲಿಲ್ಲ.

"ಒಳಗಿದ್ದದ್ದೆಲ್ಲ ಎಲ್ಲಿ ಸರ್?" ಎಂದಳು. ಅವನನ್ನು ಅವಳು ಸರ್ ಎಂದದ್ದು ನಾನು ಕೇಳಿದ್ದು ಅದೇ ಮೊದಲು.

"ಭಾರ ಜಾಸ್ತಿ ಅಕ್ಕ, ಈ ನೆಲ ತಡೆಯಲ್ಲ ಅಂದ್ರು. ಬಿಡಿ, ಜನ ನೋಡೋದು ಹೊರಗಡೆ ತಾನೆ?"

ಅವಳು ಪುಸ್ತಕವನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ನಡೆದಳು. ಮನೆಯಲ್ಲಿ ದರ್ಜಿ ಎಲ್ಲವನ್ನೂ ಕೇಳಿ, "ಕೆಸರು ನಿನ್ನ ಕೈಗೆ, ಮೊಸರು ಅವನ ಬಾಯಿಗೆ. ಗಾದೆ ಮಾಡಿದವರಿಗೆ ಇಷ್ಟು ಹೊಳೀಲಿಲ್ಲ ನೋಡು" ಎಂದನಂತೆ. ಅವತ್ತು ಅವಳು ನಗಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಗುಜರಿ ಅಂಗಡಿಗಳನ್ನು ಸುತ್ತಿದರು. ಮೂರನೆಯದರಲ್ಲಿ ತುಕ್ಕು ಹಿಡಿದ ತಗಡಿನ ರಾಶಿಯ ಕೆಳಗೆ ಚಿಕ್ಕಮ್ಮನ ಟೇಪು ಓದುವ ಪೆಟ್ಟಿಗೆ ಸಿಕ್ಕಿತು. ಉಳಿದದ್ದೆಲ್ಲ ಕರಗಲು ಹೋಗಿಯಾಗಿತ್ತು. ದರ್ಜಿ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದ. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಕೂತು, ಅವನ ಎಣ್ಣೆ ಡಬ್ಬಿಯನ್ನೇ ಬಳಸಿ, ಹತ್ತು ದಿನದಲ್ಲಿ ಅವಳು ಅದನ್ನು ಚಾಲೂ ಮಾಡಿದಳು. ಆಮೇಲೆ ಬಟ್ಟೆ ಮುಚ್ಚಿ ಮಂಚದ ಕೆಳಗಿಟ್ಟಳು. ಓದಲು ಟೇಪುಗಳಿರಲಿಲ್ಲ. ಅವೆಲ್ಲ ನೆಲಮಾಳಿಗೆಯಲ್ಲೇ ಉಳಿದಿದ್ದವು.

ಆರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸೋಡಾಬುಡ್ಡಿ ಹಣ್ಣಿನ ಬುಟ್ಟಿ ಹಿಡಿದು ಮನೆಗೇ ಬಂದ. ಅವನಿಗೆ ಯಾವುದೋ ದೊಡ್ಡ ಪ್ರಶಸ್ತಿ ಬಂದಿತ್ತು. ವಿದ್ಯಾರ್ಥಿಯಾಗಿದ್ದಾಗ ಬರೆದ ಮೊದಲ ಪ್ರೋಗ್ರಾಮನ್ನು ಭಾಷಣದಲ್ಲಿ ತೋರಿಸಬೇಕೆಂಬ ಆಸೆ. ಅದು ಹಳೇ ಟೇಪಿನಲ್ಲಿದೆ.

"ಅಕ್ಕ, ಟೇಪು ಓದೋಕೆ ಏನಾದ್ರೂ ದಾರಿ ಇದೆಯಾ? ನಿಮ್ಮನ್ನ ಬಿಟ್ರೆ ಇದು ಇನ್ಯಾರಿಗೂ ಗೊತ್ತಿಲ್ಲ."

ಅವನು ಕೂತಿದ್ದದ್ದು ಅದೇ ಮಂಚದ ಮೇಲೆ. ಅವನ ಹಿಮ್ಮಡಿಗೂ ಪೆಟ್ಟಿಗೆಗೂ ಒಂದು ಗೇಣು ದೂರ.

"ಇಲ್ಲ ಸರ್," ಎಂದಳು. "ಚಿಕ್ಕಮ್ಮನ ಹೊಟ್ಟೆ ಬಗೆದು ಎಸೆದಾಯ್ತಲ್ಲ. ಇನ್ನೆಲ್ಲಿ ತರೋದು?"

ಅವನು ಹಣ್ಣು ಬಿಟ್ಟು ಹೋದ. ದರ್ಜಿ ಹೊಲಿಗೆ ನಿಲ್ಲಿಸಿ ಅವಳ ಮುಖ ನೋಡಿದ.

"ಮದುವೆಯಾಗಿ ಇಷ್ಟು ವರ್ಷದಲ್ಲಿ ನೀನು ಸುಳ್ಳು ಹೇಳಿದ್ದು ನೋಡೇ ಇರ್ಲಿಲ್ಲ."

"ನೋಡಿದ್ರಲ್ಲ ಈಗ," ಎಂದು ಒಳಗೆ ಹೋದಳು.

ಮೊದಲ ದಿನ ಮನಸ್ಸಿಗೆ ಹಿತವಾಗಿತ್ತಂತೆ. ಎರಡನೇ ದಿನವೂ. ಮೂರನೇ ದಿನ ಟೇಪುಗಳ ನೆನಪು ಬಂತು. ಅವುಗಳಲ್ಲಿದ್ದದ್ದು ಅವನೊಬ್ಬನ ಪ್ರೋಗ್ರಾಮಲ್ಲ. ಮೂವತ್ತು ವರ್ಷ ಬಂದು ಹೋದವರೆಲ್ಲರ ಕೆಲಸ, ಪತ್ರ, ಜಗಳ, ಕ್ಲಬ್ಬಿನ ಮೊದಲ ಹಾಜರಿ. ನಾಲ್ಕನೇ ದಿನ ಬೆಳಿಗ್ಗೆ ಅವನಿಗೆ ಫೋನು ಮಾಡಿದಳು.

"ಸರ್, ನಾನು ಸುಳ್ಳು ಹೇಳಿದ್ದೆ. ಓದೋ ಪೆಟ್ಟಿಗೆ ನನ್ನ ಹತ್ರಾನೇ ಇದೆ. ಟೇಪು ಕಳಿಸಿ, ಸಂಜೆ ಒಳಗೆ ತೆಗೆದುಕೊಡ್ತೀನಿ."

ಅವನು ಬೇಸರವೇನೂ ಇಲ್ಲದೆ ಹೇಳಿದ: "ಇರ್ಲಿ ಬಿಡಿ ಅಕ್ಕ. ಭಾಷಣ ಬರೆದಾಯ್ತು. ಕಳೆದೇ ಹೋಯ್ತು ಅಂತ ಬರೆದಿದ್ದೀನಿ. ಹಾಗೇ ಚೆನ್ನಾಗಿ ಬಂದಿದೆ."

"ಹಾಗಾದ್ರೆ ಟೇಪುಗಳನ್ನ ನನಗೆ ಕೊಟ್ಟುಬಿಡಿ ಸರ್."

"ಅಯ್ಯೋ, ಓದೋಕಾಗಲ್ಲ ಅಂತ ನೀವೇ ಅಂದ್ರಲ್ಲ. ನೆಲಮಾಳಿಗೆ ಖಾಲಿ ಮಾಡಬೇಕಿತ್ತು. ನಿನ್ನೆ ಲಾರಿ ಬಂದು ಎಲ್ಲಾ ಹೋಯ್ತು."

ದರ್ಜಿಯ ಸೈಕಲ್ಲು ಅವತ್ತೂ ಗುಜರಿ ಅಂಗಡಿಗಳನ್ನು ಸುತ್ತಿತು. ಈ ಸಲ ಏನೂ ಸಿಗಲಿಲ್ಲ. ಟೇಪುಗಳನ್ನು ಗುಜರಿಗೆ ಕೊಟ್ಟಿರಲಿಲ್ಲ, ನೇರವಾಗಿ ಸುಡಲು ಒಯ್ದಿದ್ದರು. ಅವನ ಭಾಷಣವನ್ನು ನಾನು ಕೇಳಿದೆ. ನಾವು ನಿನ್ನೆಯನ್ನು ಕಾಪಾಡಿಕೊಳ್ಳದ ಜನ ಎಂದು ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಾಗ ಸಭೆಯೆಲ್ಲ ಎದ್ದು ನಿಂತಿತು. ನಾನು ಏಳಲಿಲ್ಲ. ಆದರೆ ಅದರಿಂದ ಯಾರಿಗೆ ಏನಾಯಿತು?

ಮುಂದಿನ ವಾರ ಟೈಪಕ್ಕನ ಮನೆಗೆ ಹೋದೆ. ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದಳು. ಗಂಡನ ಕಣ್ಣು ಮಂಜಾಗಿರುವುದರಿಂದ ಈಗ ಕೈಹೊಲಿಗೆಯೆಲ್ಲ ಅವಳದೇ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಅಕ್ಕ, ಮಾಡಿದ್ದೆಲ್ಲ ಅವರು ಎಂದೆ.

ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. "ಅವರು ಮಾಡಿದ್ದು ಅವರಿಗಿರ್ಲಿ. ಅದನ್ನ ನೆನೆಸ್ಕೊಂಡು ಬೈಕೊಂಡಾದ್ರೂ ಬದುಕಬಹುದಿತ್ತು. ಆ ಮೂರು ದಿನ ನಾನು ಸುಮ್ಮನಿದ್ದೆನಲ್ಲ, ಅದಕ್ಕೆ ಯಾರನ್ನ ಬೈಲಿ?"

ಪೆಟ್ಟಿಗೆ ಎಲ್ಲಿ ಎಂದು ಕೇಳಿದೆ. ಕ್ಲಬ್ಬಿನ ಈಗಿನ ಹುಡುಗರಿಗೆ ಕೊಡಲು ಹೋಗಿದ್ದಳಂತೆ. ನೀವು ಯಾರು, ಇದು ಏನಕ್ಕೆ ಎಂದು ಅವರು ಮರ್ಯಾದೆಯಿಂದಲೇ ವಿಚಾರಿಸಿದರಂತೆ. ಅವಳು ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡು ಹೊರಟಳಂತೆ. ಹಿಂದಿರುಗುವಾಗ ಗುಜರಿ ಅಂಗಡಿಯಲ್ಲೇ ಇಳಿಸಿ ಬಂದಳಂತೆ.

"ಚಾಲೂ ಇತ್ತಾ?" ಎಂದೆ.

"ಇತ್ತು," ಎಂದು ಮುಂದಿನ ಅಂಗಿ ಎತ್ತಿಕೊಂಡಳು.