ಹೊಳ್ಳಿ ಹಾಡ್ರಿ

ಶಿಡ್ಲಘಟ್ಟದ ಬಾಡಿಗೆ ಮನೆಯಲ್ಲಿ ನಾನು ಮೊದಲು ಮಾಡಿದ ರೆಕಾರ್ಡಿಂಗ್ ಖಾಲಿ ಕೋಣೆಯದು. ಹೊಸ ಜಾಗಕ್ಕೆ ಹೋದರೆ ಮೈಕ್ ಇಟ್ಟು, ಉಸಿರು ಬಿಗಿಹಿಡಿದು, ಕೋಣೆ ಎಷ್ಟು ಶಾಂತವಾಗಿದೆ ಎಂದು ಕೇಳಿಸಿಕೊಳ್ಳುವುದು ನನ್ನ ಅಭ್ಯಾಸ. ಹೆಡ್‌ಫೋನ್ ಹಾಕಿಕೊಂಡರೆ ಗೋಡೆಯೇ ಗುಂಯ್‌ಗುಡುತ್ತಿತ್ತು. ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳಿವೆ ಎಂದು ಗೊತ್ತಿತ್ತು. ಅವು ನಮ್ಮ ಗೋಡೆಯೊಳಗೂ ಸಂಸಾರ ಹೂಡಿವೆ ಎಂದು ಗೊತ್ತಿರಲಿಲ್ಲ.

ಧಾರವಾಡದ ನಮ್ಮ ಅಟ್ಟದಲ್ಲಿ ಹೆಚ್ಚೆಂದರೆ ಮಳೆ ಕೇಳಿಸುತ್ತಿತ್ತು. ಅದು ನಿಲ್ಲುವವರೆಗೆ ಚಹಾ ಕುಡಿಯುತ್ತ ಕೂತರಾಯಿತು. ಹೆಂಡತಿ ಶೈಲಾಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತೆಂದು ಕಂಪ್ಯೂಟರು, ಮೈಕು ಕಟ್ಟಿಕೊಂಡು ಬಂದೆ. ಮನೆ ಹುಡುಕುವಾಗ "ಏನ್ ಕೆಲಸ ಸಾರ್?" ಎಂದವರಿಗೆಲ್ಲ "ರೆಕಾರ್ಡಿಂಗ್" ಎಂದೆ. ಒಂದೊಂದೇ ಬಾಗಿಲು ಮುಚ್ಚಿತು. ಆಂಧ್ರದ ಗಡಿಗೆ ಹತ್ತಿರದ ಈ ಸೀಮೆಯಲ್ಲಿ ರೆಕಾರ್ಡಿಂಗ್ ಎಂದರೆ ಸಿನಿಮಾ ಹಾಡು ಹಾಕಿ ಹುಡುಗಿಯರನ್ನು ಕುಣಿಸುವ ರೆಕಾರ್ಡಿಂಗ್ ಡ್ಯಾನ್ಸ್. "ಸಂಸಾರಸ್ಥರಿರೋ ಬೀದಿ ಸಾರ್ ಇದು," ಎಂದು ಒಬ್ಬರು ಕೈಮುಗಿದೇ ಕಳಿಸಿದರು. ಕೊನೆಗೆ ಯಾರೂ ಬಾಡಿಗೆಗೆ ಬಾರದ ಈ ಮನೆ ಗಂಟುಬಿತ್ತು.

ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿಗೆ ಇಲ್ಲಿ ಚಂದ್ರಿಕೆ ಎನ್ನುತ್ತಾರೆ. ಹಳೆಯ ಚಂದ್ರಿಕೆಗಳನ್ನು ಗೋಡೆಗೆ ಆನಿಸಿ, ಊರಿಂದ ತಂದ ಕೌದಿ ಹೊದಿಸಿದೆ. ಪ್ರತಿಧ್ವನಿ ಅಡಗಿತು, ಗುಂಯ್ ಅಡಗಲಿಲ್ಲ. ಕರೆಂಟ್ ಹೋದಾಗ ಮಾತ್ರ ಯಂತ್ರ ನಿಲ್ಲುತ್ತಿತ್ತು, ಆಗ ನನ್ನ ಕಂಪ್ಯೂಟರೂ ನಿಲ್ಲುತ್ತಿತ್ತು. ಯುಪಿಎಸ್ ತಂದರೆ, ಕರೆಂಟ್ ಹೋದೊಡನೆ ಅದೇ ಕುಂಯ್ ಕುಂಯ್ ಎಂದು ಅಳತೊಡಗಿತು. ನನಗೂ ಅದರ ಜೊತೆ ಅಳಬೇಕೆನಿಸಿತ್ತು.

ಈ ಊರಲ್ಲಿ ನನ್ನ ಕೆಲಸವನ್ನು ಕೆಲಸವೆಂದು ನಂಬಿ ಬಂದವರು ಹಿಂದಿನ ಬೀದಿಯ ನಾರಾಯಣಮ್ಮ ಒಬ್ಬರೇ. ನಿವೃತ್ತ ಮೇಷ್ಟ್ರಮ್ಮ, ಬೌದ್ಧ ಮನೆತನದವರು. ಗಂಟಲಲ್ಲಿ ಗಡ್ಡೆಯಾಗಿತ್ತು.

"ಬುದ್ಧನ ಮೇಲೆ ನಮ್ಮಮ್ಮ ಕಟ್ಟಿದ ಪದಗಳು ಕಣಪ್ಪ. ನಂಗೊಬ್ಬಳಿಗೇ ಬರೋದು. ಆಪರೇಷನ್ ಆದ್ಮೇಲೆ ದನಿ ಇರುತ್ತೋ ಇಲ್ವೋ, ಡಾಕ್ಟ್ರೇ ಹೇಳಕ್ಕಾಗಲ್ಲ ಅಂತಾರೆ. ಅಷ್ಟರೊಳಗೆ ಹಿಡಿದಿಟ್ಬಿಡು," ಎಂದರು.

ಮೈಕಿನಿಂದ ಒಂದು ಗೇಣು ದೂರದಲ್ಲಿ, ಪಕಾರ ಬಕಾರಗಳ ಗಾಳಿ ನೇರ ಬಡಿಯದಂತೆ ತುಸು ಓರೆಯಾಗಿ ಕೂರಿಸಿದೆ. ಅರ್ಧ ಕನ್ನಡ, ಅರ್ಧ ತೆಲುಗಿನ ಮೊದಲ ಪದವನ್ನು ಕಣ್ಣುಮುಚ್ಚಿ ಹಾಡಿದರು. ಒಂದೇ ಹಾಡನ್ನು ಎರಡು ಮೂರು ಸಲ ಹಾಡಿಸಿ, ಒಳ್ಳೆಯ ಸಾಲುಗಳನ್ನು ಆಯ್ದು ಜೋಡಿಸುವುದು ನಮ್ಮ ಪದ್ಧತಿ. ಅದಕ್ಕೇ, "ಭಾಳ ಛಲೋ ಆತ್ರಿ. ಹೊಳ್ಳಿ ಹಾಡ್ರಿ," ಎಂದೆ.

ಅವರ ಕೈ ಮೂಗಿನ ಹತ್ತಿರ ಹೋಯಿತು. "ಹಂಗೈತೇನಪ್ಪ ನನ್ನ ದನಿ?"

"ಹೌದ್ರಿ, ಅದಕ್ಕ ಹೊಳ್ಳಿ ಹಾಡ್ರಿ ಅಂದೆ."

"ಬರ್ತೀನಪ್ಪ," ಎಂದು ಎದ್ದು ಹೋದರು. ದಣಿದಿದ್ದಾರೆ, ನಾಳೆ ಬರುತ್ತಾರೆ ಎಂದುಕೊಂಡೆ. ಮರುದಿನವೂ ಬರಲಿಲ್ಲ, ಅದರಾಚೆಗೂ ಬರಲಿಲ್ಲ.

ಒಂದು ಸಂಜೆ ಶೈಲಾ ಆಸ್ಪತ್ರೆಯಿಂದ ಬಂದವಳೇ, "ನಾರಾಯಣಮ್ಮಗ ಏನಂದ್ರಿ? ಮೂಗಿನಾಗ ಹಾಡ್ತೀರಿ ಅಂದ್ರಂತ. ಭಾಳ ನೊಂದಾರ," ಎಂದಳು. ನಮಗೆ ಹೊಳ್ಳಿ ಎಂದರೆ ಮತ್ತೆ, ಹಿಂದಿರುಗಿ. ಇಲ್ಲಿಯವರಿಗೆ ಹೊಳ್ಳೆ ಇರುವುದು ಮೂಗಿಗೆ ಮಾತ್ರ. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಮನೆಗೆ ಬೀಗ. ಆಪರೇಷನ್ನಿಗೆಂದು ಬೆಂಗಳೂರಿಗೆ ಹೋಗಿಯಾಗಿತ್ತು.

ಉಳಿದ ಒಂದೇ ಹಾಡಿನ ಮುಂದೆ ಕೂತೆ. ಹಾಡಿಗೆ ಮುಂಚಿನ ಬರಿಯ ಗುಂಯ್ ಅನ್ನು ಸಾಫ್ಟ್‌ವೇರಿಗೆ ತೋರಿಸಿ, ಇದನ್ನು ಎಲ್ಲ ಕಡೆಯಿಂದ ಕಳೆ ಎಂದೆ. ಕಳೆಯಿತು, ಜೊತೆಗೆ ಅವರ ದನಿಯ ತಳವನ್ನೂ ಕಳೆಯಿತು. ತಗ್ಗಿನ ಧ್ವನಿಗಳನ್ನಷ್ಟೇ ಇಳಿಸಿದರೂ ಅದೇ ಪಾಡು. ಆಮೇಲೆ ಹೊಳೆಯಿತು: ಬದುಕಿಡೀ ಆ ಯಂತ್ರಗಳ ಸದ್ದಿನ ನಡುವೆ ಇದ್ದ ಹೆಂಗಸು ತಂಬೂರಿಯಿಲ್ಲದ ನನ್ನ ಕೋಣೆಯಲ್ಲಿ ಗೋಡೆಯ ಗುಂಯ್‌ಗೇ ಶ್ರುತಿ ಹಿಡಿದಿದ್ದರು. ಎರಡನ್ನೂ ಹಾಗೇ ಬಿಟ್ಟೆ.

ಅವರು ಮರಳಿದ ಮೇಲೆ ಸಿಡಿ ಒಯ್ದು ಕೇಳಿಸಿ, ಹೊಳ್ಳಿಯ ಅರ್ಥ ಹೇಳಿದೆ. ಕತ್ತಿನ ಪಟ್ಟಿ ಹಿಡಿದುಕೊಂಡು ನಕ್ಕರು, ನಗುವಿಗೆ ದನಿಯೇ ಇರಲಿಲ್ಲ. ಆಮೇಲೆ, ಒಣಗಿದ ಎಲೆ ಉಜ್ಜಿದಂತೆ, "ಹೊಳ್ಳಿ ಹಾಡಕ್ಕಾಗಲ್ಲಪ್ಪ," ಎಂದರು. ಮಿಕ್ಕ ಪದಗಳೆಲ್ಲ ಅಲ್ಲಿಗೆ ಮುಗಿದವು. ಅಂದಿನಿಂದ ಮೈಕ್ ಪೆಟ್ಟಿಗೆಯಲ್ಲೇ ಇದೆ. ತೆಗೆಯುವ ಮನಸ್ಸಿಲ್ಲ.

ಮೊನ್ನೆ ಧಾರವಾಡಕ್ಕೆ ಹೋದಾಗ ಅದೇ ಅಟ್ಟದಲ್ಲಿ ತಮ್ಮನಿಗೆ ಆ ಹಾಡು ಕೇಳಿಸಿದೆ. ಹಾಡು ನಿಂತಾಗ ಕೋಣೆಯ ನಿಶ್ಶಬ್ದದಲ್ಲಿ ನಾನೇ ಕಿವುಡಾದಂತೆ ಅನಿಸಿತು.

"ಹಿಂದ ಏನೋ ಗುಂಯ್ ಅಂತೈತಲ್ಲಣ್ಣ, ಅದನ್ನ ತಗದುಬಿಡು," ಎಂದ ತಮ್ಮ. "ಆ ಊರಾಗ ಏನೈತಿ? ಹೊಳ್ಳಿ ಬಂದ್ಬಿಡು."

"ಆಗಲ್ಲಪ್ಪ," ಎಂದೆ.

ಇದು ಯಾವೂರ ಮಾತು ಎಂಬಂತೆ ಅವನು ನನ್ನ ಮುಖ ನೋಡಿದ.