ಮಂಡಿ ಬದಲಾಯಿಸಿದ ನಿಂಗಯ್ಯ

ಮಂಡ್ಯದ ಮಾರುಕಟ್ಟೆಯಲ್ಲಿ ನಿಂಗಯ್ಯನ ಬೆಲ್ಲದ ಮಂಡಿಗೂ ಶಿವಯ್ಯನ ಬೆಲ್ಲದ ಮಂಡಿಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಆಚೆ ಏನು ನಡೆದರೂ ಈಚೆ ನಿಂಗಯ್ಯನಿಗೆ ಅಜೀರ್ಣ. ಶಿವಯ್ಯ ನೆಲಕ್ಕೆ ಗ್ರಾನೈಟ್ ಹಾಕಿಸಿದ ವರ್ಷವೇ ಇವನೂ ಹಾಕಿಸಿದ, ಅದಕ್ಕಿಂತ ಹೊಳೆಯುವುದನ್ನು. ಶಿವಯ್ಯ ಮಗಳ ಮದುವೆಗೆ ಎರಡು ಬಗೆ ಸಿಹಿ ಬಡಿಸಿದರೆ ಇವನು ತನ್ನ ಮನೆಯ ಮದುವೆಗೆ ಮೂರು ಬಡಿಸಿ, ಮೂರನೆಯದು ಯಾರಿಗೂ ರುಚಿಸದೆ ವಾರವಿಡೀ ತಾನೇ ತಿಂದ. ಹೀಗಿರುವಾಗ ಶಿವಯ್ಯ ಸವೆದ ಮೊಣಕಾಲಿಗೆ ಆಪರೇಷನ್ ಮಾಡಿಸಿ, ಹೊಸ ಮಂಡಿ ಹಾಕಿಸಿಕೊಂಡು, ಕೋಲಿಲ್ಲದೆ ಓಡಾಡತೊಡಗಿದರೆ ನಿಂಗಯ್ಯನ ಕಾಲು ಸುಮ್ಮನಿದ್ದೀತೇ? ನೋವು ಮೊದಲೇ ಇತ್ತು, ನಿಜ. ತಡೆಯಲಾರದಂತಾದದ್ದು ಮಾತ್ರ ಅಂದಿನಿಂದ.

ನಿಂಗಯ್ಯನೂ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ಹೊಸದರಲ್ಲೇ ಭಾರತೀನಗರದ ಕಡೆಯ ಮರಿಯಯ್ಯ ಫೋನು ಮಾಡಿದ. ಮರಿಯಯ್ಯನದು ಸ್ವಂತ ಆಲೆಮನೆ. ಅವನು ಇಳಿಸುವ ಬೆಲ್ಲದ ಮೇಲೆ ಕಣ್ಣು ಹಾಕದ ವ್ಯಾಪಾರಿಯಿಲ್ಲ. ಅದು ಅವನ ಅಪ್ಪನ ಕಾಲದಿಂದಲೂ ಬರುತ್ತಿದ್ದದ್ದು ನಿಂಗಯ್ಯನಲ್ಲಿಗೇ. ಆ ಬೆಲ್ಲವಿಲ್ಲದಿದ್ದರೆ ನಿಂಗಯ್ಯನ ಅಂಗಡಿಗೂ ಖಾಲಿ ಗೋದಾಮಿಗೂ ವ್ಯತ್ಯಾಸವಿಲ್ಲ.

“ಏನ್ ಸಾವ್ಕಾರ್ರೆ, ಬಾಗ್ಲಾಕ್ಬುಟ್ಟಿದ್ದೀರಿ?”

“ಮಂಡಿ ಬದ್ಲಾಯಿಸ್ಬುಟ್ಟೆ ಕಣಪ್ಪ. ಅಳೇದು ಸವ್ದೋಗಿತ್ತು.”

“ಅಯ್ಯೋ, ನಮ್ಗೊಂದ್ ಮಾತೂ ಏಳ್ಲಿಲ್ವಲ್ಲ! ಎಲ್ಲಿ?”

“ಮೈಸೂರಲ್ಲಿ! ಆ ಸಿವಯ್ಯನಂಗೆ ಮಂಡ್ಯದಲ್ಲೇ ಮುಗಿಸ್ಕೊಳ್ಳೋನಾ ನಾನು?”

“ಅಷ್ಟ್ ದೂರ ನಾವೆಂಗ್ ಬರಾದು…” ಎಂದು ಮರಿಯಯ್ಯ ರಾಗ ಎಳೆದ.

ಆರೋಗ್ಯ ವಿಚಾರಿಸಲು ಬರುವ ಮಾತೆಂದು ತಿಳಿದ ನಿಂಗಯ್ಯ, “ನೀನ್ ಬರ್ಬೇಡ ಬುಡು, ಸುಮ್ಕೆ ಯಾಕ್ ಕಷ್ಟ?” ಎಂದು ಉದಾರವಾಗಿ ಹೇಳಿ ಫೋನಿಟ್ಟ.

ಕಾಲಿಗೆ ವ್ಯಾಯಾಮ ಮಾಡಿಸಲು ಅರ್ಪಿತ ಎಂಬ ಹುಡುಗಿ ಮನೆಗೇ ಬರುತ್ತಿದ್ದಳು. ಶಿವಯ್ಯನ ಕಾಲು ಪಳಗಿಸಿದವಳೂ ಅವಳೇ. ನಿಂಗಯ್ಯ ಅವಳನ್ನೇ ಬೇಕೆಂದು ಹಟ ಹಿಡಿದದ್ದೂ ಅದಕ್ಕೇ.

“ತಾತ, ಇನ್ನೊಂಚೂರು ಮಡಚಿ.”

“ಮಡ್ಚಿದ್ದೀನಲ್ಲವ್ವ, ಇನ್ನೆಷ್ಟ್ ಮಡ್ಚನ?”

“ಶಿವಯ್ಯ ಅಂಕಲ್ ಇಷ್ಟೊತ್ತಿಗೆಲ್ಲ ಆರಾಮಾಗಿ ಮಡಚ್ತಿದ್ರು.”

ನೋವು ಮಂಡಿಯಿಂದ ಎದೆಗೆ ಹತ್ತಿತು. ಇಬ್ಬರೂ ಒಂದೇ ವರ್ಷ ಶಾಲೆ ಬಿಟ್ಟವರು. ಅವನು ಅಂಕಲ್, ಇವನು ತಾತ! ಆ ಉರಿಗೇ ಹಲ್ಲು ಕಚ್ಚಿ ಕಾಲನ್ನು ಇನ್ನಷ್ಟು ಎಳೆದುಕೊಂಡ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಂಗಳಮ್ಮ, “ಸಿವಯ್ಯನ ಫೋಟೋ ಒಂದ ಎದ್ರುಗೆ ನೇತಾಕವ್ವ, ನಾಳೀಕೇ ಓಡ್ತಾರೆ” ಎಂದಳು.

ಅರ್ಪಿತ ನಗುತ್ತ ಚೀಲದಿಂದ ಬೆಲ್ಲದ ತುಂಡೊಂದನ್ನು ತೆಗೆದುಕೊಟ್ಟಳು. “ಬಾಯಿ ಸಿಹಿ ಮಾಡ್ಕೊಳ್ಳಿ ತಾತ. ಶಿವಯ್ಯ ಅಂಕಲ್ ಕೊಟ್ರು, ಇವತ್ತು ಬಂದ ಮಾಲಂತೆ.”

ನಿಂಗಯ್ಯ ಚೂರು ಮುರಿದು ನಾಲಿಗೆಗಿಟ್ಟ. ಚಪ್ಪರಿಸುತ್ತಿದ್ದವನು ತಟ್ಟನೆ ನಿಲ್ಲಿಸಿದ. ಮರಿಯಯ್ಯನ ಬೆಲ್ಲ! ಹೆಂಡತಿಯ ಸಾರಿನ ಗುರುತಾದರೂ ತಪ್ಪಿಯಾನು, ಇದರ ಗುರುತು ತಪ್ಪುವವನಲ್ಲ.

“ಲೇ, ಆಟೋ ಕರ್ಸೆ!”

“ಡಾಕ್ಟ್ರು ಇನ್ನೂ ಮೆಟ್ಲಿಳೀಬೇಡಿ ಅಂದವ್ರೆ ಕಣಿ.”

“ಸಿವಯ್ಯ ಇಳೀನಿಲ್ವಾ?”

ವಾಕರ್ ಊರಿಕೊಂಡು, ಮಂಗಳಮ್ಮನನ್ನು ಜೊತೆಗೆ ಕರೆದುಕೊಂಡು ಮಾರುಕಟ್ಟೆಗೆ ಬಂದು ಇಳಿದಾಗ, ಮರಿಯಯ್ಯನ ಗಾಡಿ ಶಿವಯ್ಯನ ಬಾಗಿಲಲ್ಲೇ ನಿಂತಿತ್ತು. ಅರ್ಧ ಬೆಲ್ಲ ಇಳಿದಿತ್ತು.

“ಏನ್ಲಾ ಮರಿಯಯ್ಯ, ನಾನ್ ಮಲಗುದ್ರೆ ಪಕ್ಕದ ಬಾಗ್ಲಿಗೆ ಓಗ್ಬುಡಾದಾ?”

ಮರಿಯಯ್ಯ ಕಣ್ಣರಳಿಸಿದ. “ನೀವೇ ತಾನೆ ಅಂದ್ರಿ, ಮಂಡಿ ಬದ್ಲಾಯಿಸ್ದೆ, ಮೈಸೂರಲ್ಲಿ, ನೀನ್ ಬರ್ಬೇಡ ಅಂತ! ಇಲ್ನೋಡುದ್ರೆ ಬೀಗ. ಬೆಲ್ಲ ಒತ್ಕಂಡು ಮೈಸೂರ್ಗೆ ಓಗನಾ?”

“ಲೇ, ಇದು ಕಣ್ಲಾ ಬದ್ಲಾಯಿಸಿದ್ದು!” ನಿಂಗಯ್ಯ ಪಂಚೆ ಸರಿಸಿ ಮೊಣಕಾಲಿನ ಗಾಯದ ಗೆರೆ ತೋರಿಸಿದ.

ಹಮಾಲರು ಮೂಟೆ ಕೆಳಗಿಟ್ಟು ನಕ್ಕರು. ಶಿವಯ್ಯನಂತೂ ಕಣ್ಣೊರೆಸಿಕೊಂಡ. “ಮೈಸೂರ್ ಮಂಡಿ ಇನ್ನೂ ವಾಕರ್ ಬುಟ್ಟಿಲ್ವಲ್ಲೋ ನಿಂಗ! ನಮ್ದು ಮಂಡ್ಯದ್ದೇ, ನೋಡು” ಎಂದು ಕೈ ಬೀಸಿಕೊಂಡು ಅತ್ತಿಂದಿತ್ತ ನಡೆದ. ನಿಂಗಯ್ಯ ಬೇರೆ ಕಡೆ ನೋಡಿದ. ಆದರೂ ಆ ನಡಿಗೆ ಕಣ್ಣ ಅಂಚಿನಲ್ಲಿ ಕಾಣುತ್ತಲೇ ಇತ್ತು.

ಮರಿಯಯ್ಯ ಮಧ್ಯೆ ಬಂದ. “ಇಳ್ಸಿದ್ದು ಇಳ್ಸಾಯ್ತು ಸಾವ್ಕಾರ್ರೆ. ಗಾಡೀಲಿರಾದು ನಿಮ್ಗೇ ಆಕ್ತೀನಿ, ಈಗ್ಲೇ ಬಾಗ್ಲು ತೆಗೀರಿ. ಮೋಡ ಆಗದೆ, ಬೆಲ್ಲ ನೀರೊಡೀತದೆ. ತೆಗೀದಿದ್ರೆ ಇನ್ಮೇಲೆ ಇಲ್ಲೇ.”

ನಿಂಗಯ್ಯ ಸೊಂಟದಿಂದ ಬೀಗದ ಕೈ ತೆಗೆದ. ಬೀಗವಿದ್ದದ್ದು ಷಟರಿನ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು. ಕುಕ್ಕರುಗಾಲಲ್ಲಿ ಕೂರದೆ ಅದು ಕೈಗೆ ಸಿಗದು. ಬಗ್ಗಿದ; ಸೊಂಟ ಹೋಯಿತು, ಕೈ ಹೋಗಲಿಲ್ಲ. ಕಾಲು ಪಕ್ಕಕ್ಕೆ ಚಾಚಿ ನೋಡಿದ, ವಾಕರ್ ಜಾರಿತು. ಹಮಾಲನೊಬ್ಬ ಕೈ ಚಾಚಿದರೆ, ಬೀಗದ ಕೈ ಬೇರೆಯವರಿಗೆ ಕೊಡಲು ಮನಸ್ಸಿಲ್ಲ.

“ತತ್ತಾ, ನಾನ್ ತೆಗೀತೀನಿ” ಎಂದು ಶಿವಯ್ಯ ಠೀವಿಯಿಂದ ಬಂದು ಬಗ್ಗಿದ. ಅರ್ಧಕ್ಕೇ ನಿಂತ. ಗೋಡೆ ಹಿಡಿದುಕೊಂಡ. ಮುಖ ಕೆಂಪಾಯಿತು.

ನಿಂಗಯ್ಯನಿಗೆ ಆಪರೇಷನ್ ಆದಾಗಿನಿಂದ ಅಂಥ ಸುಖ ಸಿಕ್ಕಿರಲಿಲ್ಲ. “ಏನ್ ಅಂಕಲ್, ಇನ್ನೊಂಚೂರು ಮಡಚಿ!”

“ಸರೀರಿ ಅತ್ಲಾಗೆ” ಎಂದು ಮಂಗಳಮ್ಮ ಬೀಗದ ಕೈ ಕಿತ್ತುಕೊಂಡಳು. ಮದುವೆಯಾದಾಗಿನಿಂದ ಅದನ್ನು ಅವಳು ಮುಟ್ಟಿದ್ದೇ ಇಲ್ಲ. ಮುಟ್ಟಲು ಇವನು ಬಿಟ್ಟಿರಲೂ ಇಲ್ಲ. ಸೀರೆ ಎತ್ತಿಕಟ್ಟಿ ಸಲೀಸಾಗಿ ಕುಕ್ಕರಿಸಿ ಕೂತು ಬೀಗ ತೆಗೆದು, ಷಟರನ್ನು ಗಡಗಡನೆ ಮೇಲಕ್ಕೆತ್ತಿದಳು.

“ಎಲ್ಲಿ ಜೋಡ್ಸನವ್ವ?” ಮರಿಯಯ್ಯ ಕೇಳಿದ. ನಿಂಗಯ್ಯ ಬಾಯಿ ತೆರೆಯುವಷ್ಟರಲ್ಲಿ, “ಆ ಗೋಡೆ ಮಗ್ಗುಲ್ಗೆ. ನೆಲ ತಣ್ಣಗದೆ, ಕೆಳಕ್ಕೆ ಅಲಗೆ ಆಕಪ್ಪ” ಎಂದಳು. ಸರಿಯಾಗಿಯೇ ಹೇಳಿದಳು. ಸಹಿಸಲಾಗದ್ದು ಅದೇ. ಮುಂದಿನ ಗಾಡಿಯೂ ಇಲ್ಲಿಗೇ ಎಂಬ ಮಾತನ್ನು ಮರಿಯಯ್ಯ ಹೇಳಿಹೋದದ್ದೂ ಅವಳಿಗೇ.

ಶಿವಯ್ಯ ಒಂದು ಕುರ್ಚಿ ಕಳಿಸಿದ. ಕಾಲು ಚಾಚಿ ಕೂತ ನಿಂಗಯ್ಯ, ತನ್ನ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ ಹೆಂಡತಿಯನ್ನೇ ಕೆಕ್ಕರಿಸಿದ.

“ಏನ್ ಅಂಗ್ ನೋಡ್ತಿದ್ದೀರಿ?”

“ನಿಂಗೆ ಮಂಡಿ ನೋವಿಲ್ವಾ?”

“ಇಲ್ಲ ಕಣಿ, ಯಾವತ್ತೂ ಇಲ್ಲ.”

“ಬತ್ತದೆ ಬುಡು” ಎಂದ ನಿಂಗಯ್ಯ.