ಪಂಚಮಿಗೆ ತಂದ ರ್ಯಾಮ್

ಬಸವನ ಬಾಗೇವಾಡಿಯಲ್ಲಿ ನನ್ನದೊಂದು ವಿಡಿಯೋ ಮಿಕ್ಸಿಂಗ್ ಅಂಗಡಿ ಇದೆ. ಸುತ್ತಲಿನ ಊರುಗಳ ಮದುವೆ, ಬಸುರಿಯರ ಕುಬಸ, ತೊಟ್ಟಿಲ ಕಾರ್ಯ ಎಲ್ಲವೂ ನನ್ನ ಕಂಪ್ಯೂಟರಿನೊಳಗೆ ಹೊಕ್ಕು, ಹಾಡು ಹೂವು ಹಚ್ಚಿಕೊಂಡು ಹೊರಗೆ ಬರುತ್ತವೆ. ಊರವರ ಮದುವೆಗಳನ್ನೆಲ್ಲ ಹೇಳಿದ ದಿನಕ್ಕೆ ಮುಗಿಸಿಕೊಡುವ ನಾನು, ಸ್ವಂತ ತಂಗಿಯ ಮದುವೆಯ ವಿಡಿಯೋವನ್ನು ಮಾತ್ರ ಒಂದೂವರೆ ವರ್ಷವಾದರೂ ಕೊಟ್ಟಿರಲಿಲ್ಲ.

ಅವಳನ್ನು ಇಂಡಿಗೆ ಕೊಟ್ಟಿದ್ದೇವೆ. ಫೋನ್ ಮಾಡಿದಾಗಲೆಲ್ಲ ವಿಡಿಯೋ ಕೇಳುತ್ತಿದ್ದಳು. "ಕಂಪ್ಯೂಟರ್ ಭಾಳ ಸ್ಲೋ ಐತಿ ತಂಗಿ" ಎಂದು ನಾನೂ ತಪ್ಪದೆ ಹೇಳುತ್ತಿದ್ದೆ. ಮದುವೆಯಾದ ಮೊದಲ ನಾಗರ ಪಂಚಮಿಗೆ ಬಂದಾಗ ಕೈಗೆ ಶೇಂಗಾ ಉಂಡಿ ಕೊಟ್ಟು ಸಮಾಧಾನ ಮಾಡಿ ಕಳಿಸಿದ್ದೆ. ಆದರೆ ಮುದ್ದೇಬಿಹಾಳದ ಒಂದು ಮದುವೆ ನನ್ನ ಮಾನ ಕಳೆಯಿತು. ತಂಗಿಯ ಮದುವೆಯಾಗಿ ಆರು ತಿಂಗಳ ಮೇಲೆ ಆದ ಮದುವೆ ಅದು. ಅದರ ವಿಡಿಯೋ ಊರೂರು ಸುತ್ತಿ ಅವಳ ಅತ್ತೆಯ ಮೊಬೈಲಿಗೆ ಬಂದು ಕೂತಿತು. ಕೊನೆಯಲ್ಲಿ ನನ್ನ ಅಂಗಡಿಯ ಹೆಸರು, ಅದರ ಎರಡೂ ಕಡೆ ಹಾರುವ ಪಾರಿವಾಳ. "ನಿಮ್ಮಣ್ಣನ ಕಂಪ್ಯೂಟರ್ ಮುದ್ದೇಬಿಹಾಳದಾವ್ರಿಗೆ ಅಷ್ಟ ಜೋರ ಓಡತೈತೇನವಾ?" ಎಂದು ಅತ್ತೆ ಕೇಳಿದರಂತೆ.

ಎರಡನೆಯ ಪಂಚಮಿ ಹತ್ತಿರ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಹಬ್ಬಕ್ಕೆ ಐದು ದಿನವಿದೆ ಎನ್ನುವಾಗ ಅವಳೇ ಫೋನ್ ಮಾಡಿದಳು.

"ಯಣ್ಣ, ಈ ಸಲ ಕರಿಯಾಕ ಬರೂದಾದ್ರ ವಿಡಿಯೋ ಹಿಡಕೊಂಡ ಬಾ. ಬರೇ ಕೈಲೆ ಬಂದ್ರ ಚಾ ಕುಡದು ಹೊಳ್ಳಿ ಹೋಗು. ನಾ ಬರಂಗಿಲ್ಲ."

ಚಿಕ್ಕಂದಿನಿಂದ ಆಡಿದಂತೆ ಮಾಡುವವಳು ಅವಳು. ಮಸೂತಿ ಊರಿನ ನಮ್ಮ ಮನೆಯಲ್ಲಿ ಅಪ್ಪ ಆಗಲೇ ಅವಳು ಆಡಲೆಂದು ತೊಲೆಗೆ ಜೋಕಾಲಿ ಕಟ್ಟಿದ್ದ. ಹಬ್ಬದ ದಿನ ಅದು ಖಾಲಿ ನೇತಾಡುವುದು ಕಣ್ಣ ಮುಂದೆ ಬಂತು.

ತಪ್ಪೆಲ್ಲ ಕಂಪ್ಯೂಟರಿನ ಮೇಲೆ ಹೊರಿಸಿಯಾಗಿತ್ತು, ಮದ್ದನ್ನೂ ಅದಕ್ಕೇ ಮಾಡಬೇಕಾಯಿತು. ಕಂಪ್ಯೂಟರಿನ ಓಟ ಹೆಚ್ಚಿಸಲು ಅದರೊಳಗೆ ಕೂಡಿಸುವ ಹೊಸ ರ್ಯಾಮ್ ಪಟ್ಟಿ ತರಲು ಸಿಂದಗಿಯ ಬಸ್ ಹತ್ತಿದೆ. ದೇವರ ಹಿಪ್ಪರಗಿಯಲ್ಲಿ ಸಂತೆಯ ಜನ ಹತ್ತಿ ಇಳಿಯುವುದಕ್ಕೇ ಅರ್ಧ ತಾಸು ಹಿಡಿಯಿತು. ಅಷ್ಟರಲ್ಲಿ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ನಾನು ರ್ಯಾಮಿನ ವಿಷಯದಲ್ಲಿ ಪಂಡಿತನೇ ಆಗಿಬಿಟ್ಟೆ.

ಸಿಂದಗಿಯಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಪರಿಚಯದ ಅಂಗಡಿಯವನೊಬ್ಬನಿದ್ದಾನೆ. ಅವನು ರ್ಯಾಮ್ ಕೂಡಿಸಬೇಕಾದ ನನ್ನ ಮದರ್‌ಬೋರ್ಡ್ ಯಾವುದೆಂದು ಕೇಳಿಕೊಂಡು ಸಾದಾ ರ್ಯಾಮ್ ಒಂದನ್ನು ಮುಂದಿಟ್ಟ. ನನ್ನ ಕಣ್ಣು ಗಾಜಿನ ಕಪಾಟಿನಲ್ಲಿ ಕೆಂಪು ದೀಪ ಹೊತ್ತಿಸಿಕೊಂಡಿದ್ದ ಇನ್ನೊಂದರ ಮೇಲಿತ್ತು.

"ಅಣ್ಣಾರ, ಅದರ ಸ್ಪೀಡ್ ಮೂರ ಸಾವಿರದ ಆರನೂರು. ನಿಮ್ಮ ಬೋರ್ಡ್ ಎರಡ ಸಾವಿರದ ಆರನೂರ ಅರವತ್ತಾರಕ್ಕ ನಿಂದರತೈತಿ. ಅದಕಿಂತ ಮ್ಯಾಲ ಓಡತೈತಿ ಅಂತ ಕಂಪನಿಯವ್ರ ಹೇಳಿಲ್ಲ. ಅದನ್ನ ಒಯ್ದು ಏನ್ ಮಾಡ್ತೀರಿ?" ಎಂದ.

ನಮ್ಮ ಮನೆಗೆ ಅಳತೆಗೆ ಸರಿಯಾದ ವಸ್ತು ಎಂದೂ ಬಂದದ್ದಿಲ್ಲ. "ಬೆಳಿಯೋ ಹುಡುಗ, ದೊಡ್ಡದ ಇರ್ಲಿ" ಎಂದು ಅವ್ವ ಮೂರನೆಯ ಇಯತ್ತೆಯಲ್ಲಿ ಹೊಲಿಸಿದ ಚಡ್ಡಿ ಐದನೆಯ ಇಯತ್ತೆಯಲ್ಲಿ ನನ್ನ ಸೊಂಟಕ್ಕೆ ನಿಂತಿತ್ತು. ಅಂಥ ಮನೆಯಲ್ಲಿ ಬೆಳೆದವನು ನಾನು.

"ದೊಡ್ಡದ ಇರ್ಲಿ ಕೊಡ್ರಿ, ಮುಂದ ಬರತೈತಿ" ಎಂದೆ.

"ಹುಡುಗ ಬೆಳೀತಾನ್ರಿ. ಬೋರ್ಡ್ ಬೆಳಿಯಂಗಿಲ್ಲ" ಎಂದು ಅವನು ನಗುತ್ತ ಕಟ್ಟಿಕೊಟ್ಟ.

ಮರುದಿನ ಬೆಳಿಗ್ಗೆ ಹಬ್ಬದ ಉಂಡಿಗೆ ಬೆಲ್ಲ, ಪುಟಾಣಿ ತರಲು ಬಾಗೇವಾಡಿಗೆ ಬಂದ ಅಪ್ಪ ಅಂಗಡಿಯಲ್ಲಿ ಕೂತಿದ್ದ. ನಾನು ಕಂಪ್ಯೂಟರಿನ ಡಬ್ಬಿ ಬಿಚ್ಚಿ ಹಳೆಯ ರ್ಯಾಮಿನ ಪಕ್ಕಕ್ಕೆ ಹೊಸದನ್ನು ಕೂಡಿಸುವುದನ್ನು ನೋಡಿದ.

"ಎರಡೂ ಒಂದ ನಡಿಗಿ ಅದಾವೇನ ತಮ್ಮಾ?"

"ಇಲ್ಲಪ. ಹೊಸದು ಭಾಳ ಜೋರ ಐತಿ."

"ಮನ್ಯಾಗಿನ ಎತ್ತಿನ ನಡಿಗಿ ನೋಡಿ ಜೋಡಿ ತರಬೇಕು. ಜೋರಂದು ತಂದ್ರ ಅದೂ ಮೆಲ್ಲಕ ನಡೀತೈತಿ, ಇಲ್ಲಾ ನೊಗಾ ಮುರೀತೈತಿ."

ಎತ್ತು ಹೂಡುವವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದು ಒಳಗೊಳಗೇ ನಕ್ಕು ಗುಂಡಿ ಒತ್ತಿದೆ. ಕಂಪ್ಯೂಟರ್ ಎದ್ದಿತು. ರ್ಯಾಮಿನ ವೇಗ ನೋಡಿದರೆ ಎರಡು ಸಾವಿರದ ನಾನೂರು! ಹಳೆಯದು ಎಷ್ಟಕ್ಕೆ ಓಡುತ್ತಿತ್ತೋ ಹೊಸದೂ ಅಷ್ಟಕ್ಕೇ ಓಡುತ್ತಿತ್ತು.

"ಏನಂತೈತಿ?" ಎಂದು ಅಪ್ಪ ಕೇಳಿದ.

"ಮೆಲ್ಲಕ ನಡ್ಯಾಕತ್ತೈತಿ" ಎಂದೆ. ಅಪ್ಪ ಬೆಲ್ಲದ ಒಂದು ತುಣುಕು ಬಾಯಿಗೆ ಹಾಕಿಕೊಂಡ. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ ಬೋರ್ಡಿನ ಸೆಟ್ಟಿಂಗ್ ತೆರೆದು ಹುಡುಕಿದೆ. ಮೂರು ಸಾವಿರದ ಆರುನೂರು ಎಂಬ ಸಾಲು ಅಲ್ಲಿ ಸಿಕ್ಕಿತು. ಅದನ್ನೇ ಆರಿಸಿ ಗುಂಡಿ ಒತ್ತಿದೆ. ಪರದೆ ಕಪ್ಪಾಯಿತು, ಕಪ್ಪಾಗಿಯೇ ಉಳಿಯಿತು. ಫ್ಯಾನ್ ತಿರುಗುತ್ತಿತ್ತು, ರ್ಯಾಮಿನ ಕೆಂಪು ದೀಪ ಬಹಳ ಚೆಂದ ಉರಿಯುತ್ತಿತ್ತು. ಬಂದ್ ಮಾಡಿ ಮತ್ತೆ ಹಚ್ಚಿದೆ, ಬಡಿದೆ, ಬೈದೆ. ಏನೂ ಬರಲಿಲ್ಲ.

"ನೊಗಾ ಮುರೀತು" ಎಂದು ಅಪ್ಪ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ.

ಮದುವೆಯ ಶೂಟಿಂಗ್ ಎಲ್ಲ ಬೇರೆ ಡಿಸ್ಕಿನಲ್ಲಿದೆ, ಅದಕ್ಕೇನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಮಿಕ್ಸಿಂಗ್ ಮಾಡಲು ಕಂಪ್ಯೂಟರ್ ಏಳಬೇಕಲ್ಲ, ಸಿಂದಗಿಗೆ ಫೋನ್ ಹಚ್ಚಿದೆ. ಅಂಗಡಿಯವನು ಮೊದಲು ಹೊಟ್ಟೆ ತುಂಬ ನಕ್ಕ.

"ಕರೆಂಟ್ ತಗೀರಿ. ಬೋರ್ಡ್ ಮ್ಯಾಲ ನಾಣ್ಯದಂಥಾ ಒಂದು ಸೆಲ್ ಐತಿ, ಅದನ್ನೂ ತಗದು ಹತ್ತ ಮಿನಿಟ್ ಸುಮ್ಮ ಕುಂಡ್ರಿ. ನೀವು ಹೇಳಿದ್ದನ್ನೆಲ್ಲ ಬೋರ್ಡ್ ಮರೀತೈತಿ."

ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದು ಹತ್ತು ನಿಮಿಷ ಕೂತೆ. ಮತ್ತೆ ಹಾಕಿ ಹಚ್ಚಿದಾಗ ಬೋರ್ಡ್ ನನ್ನ ಹುಚ್ಚಾಟವನ್ನೆಲ್ಲ ಮರೆತು ಎದ್ದಿತು. ಅದರ ಜೊತೆಗೆ ತಾರೀಖನ್ನೂ ಮರೆತಿತ್ತು. ಮೂಲೆಯಲ್ಲಿ ಎಷ್ಟೋ ವರ್ಷ ಹಿಂದಿನ ಒಂದು ದಿನ ತೋರಿಸುತ್ತಿತ್ತು. ಆ ಕಂಪ್ಯೂಟರಿನ ಮಟ್ಟಿಗೆ ನನ್ನ ತಂಗಿಯ ಮದುವೆ ಇನ್ನೂ ಆಗಿರಲಿಲ್ಲ. ಅವಳು ಮನೆಯಲ್ಲೇ ಇದ್ದಳು, ನನ್ನ ಚಾರ್ಜರ್ ಬಚ್ಚಿಟ್ಟು ಜಗಳ ತೆಗೆಯುತ್ತಿದ್ದಳು. ತಾರೀಖು ಸರಿಮಾಡಲು ಮನಸ್ಸಾಗದೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ.

ಈಗ ನಿಜ ಹೇಳಿಬಿಡುತ್ತೇನೆ. ಅದೇ ಹಳೆಯ ವೇಗದಲ್ಲೇ ಎರಡು ದಿನದಲ್ಲಿ ಮಿಕ್ಸಿಂಗ್ ಮುಗಿಯುತ್ತ ಬಂತು. ಅರಿಶಿನ, ಅಕ್ಕಿಕಾಳು, ಊಟ ಎಲ್ಲ ಸರಸರ ಹೋದವು. ಉಳಿದದ್ದು ಹೆಣ್ಣು ಒಪ್ಪಿಸಿ ಕೊಡುವ ಶಾಸ್ತ್ರ. ಮನೆಯ ಮದುವೆಗೆ ಹೊರಗಿನವರನ್ನು ಕರೆಸಿದರೆ ಮರ್ಯಾದೆ ಹೋಗುತ್ತದೆಂದು ನಾನೇ ಕ್ಯಾಮೆರಾ ಹಿಡಿದಿದ್ದೆ. ಅವಳ ಕೈಯನ್ನು ಅತ್ತೆಯ ಕೈಯಲ್ಲಿ ಇಡುವಾಗ ಚಿತ್ರ ಗಡಗಡ ನಡುಗುತ್ತದೆ. ಅವ್ವನೂ ಅತ್ತಿದ್ದಾಳೆ, ಅಪ್ಪನೂ ಅತ್ತಿದ್ದಾನೆ. ಆದರೆ ಮೈಕು ನನ್ನ ಬಾಯಿಯ ಹತ್ತಿರವಿದ್ದುದರಿಂದ ಎಲ್ಲರಿಗಿಂತ ಜೋರಾಗಿ ಕೇಳುವ ಬಿಕ್ಕು ನನ್ನದು. ಒಂದೂವರೆ ವರ್ಷದಿಂದ ಈ ಜಾಗಕ್ಕೆ ಬಂದಾಗಲೆಲ್ಲ "ಥೂ, ಕಂಪ್ಯೂಟರ್ ಸ್ಲೋ" ಎಂದು ಚಹಾಕ್ಕೆ ಎದ್ದು ಹೋಗುತ್ತಿದ್ದೆ. ಹೇಳಿ ಹೇಳಿ ಆ ಸುಳ್ಳನ್ನು ನಾನೇ ನಂಬಿದ್ದೆ. ನಂಬಿ ರ್ಯಾಮ್ ಬೇರೆ ತಂದಿದ್ದೆ.

ಈ ಸಲ ಏಳಲಿಲ್ಲ. ಬಿಕ್ಕಿನ ಮೇಲೆ ಸನಾದಿ ಊದಿಸಿ, ಪೆನ್‌ಡ್ರೈವ್ ಜೇಬಿಗಿಟ್ಟು ಇಂಡಿಗೆ ಹೊರಟೆ.

ತಂಗಿ ಬಾಗಿಲಲ್ಲೇ ಕೈ ಚಾಚಿದಳು. ಪೆನ್‌ಡ್ರೈವನ್ನು ಟೀವಿಗೆ ಸಿಕ್ಕಿಸಿ ಅತ್ತೆಯ ಪಕ್ಕ ಕೂತಳು. ಒಪ್ಪಿಸಿ ಕೊಡುವ ಹೊತ್ತು ಬಂತು. ಸನಾದಿ ಎಷ್ಟು ಜೋರಾಗಿ ಊದಿದರೂ ನಡುನಡುವೆ ನನ್ನ ಬಿಕ್ಕು ಎದ್ದು ಬರುತ್ತಿತ್ತು. ನಾನು ಚಹಾದ ಕಪ್ಪಿನೊಳಗೆ ಮುಖ ಇಟ್ಟುಕೊಂಡು ಕೂತೆ.

"ಯಣ್ಣ, ಸ್ಲೋ ಆಗತಿದ್ದದ್ದು ಇಲ್ಲೇನ?" ಎಂದಳು.

"ಹೂಂ" ಎಂದೆ.

ಸೆರಗಿನಿಂದ ಕಣ್ಣು ಒರೆಸಿಕೊಂಡು ಅತ್ತೆಯ ಕಡೆ ತಿರುಗಿದಳು. "ಅತ್ತಿ, ನಮ್ಮಣ್ಣನ ಕಂಪ್ಯೂಟರ್ ಸ್ಲೋ ಇಲ್ರಿ. ಅಳತೈತಿ" ಎಂದಳು.

ಅತ್ತೆ ನಕ್ಕರು, ನಾನೂ ನಕ್ಕೆ. ತಂಗಿ ಎದ್ದು ಬಾಗಿಲ ಹಿಂದಿನಿಂದ ಒಂದು ಚೀಲ ಎತ್ತಿಕೊಂಡಳು. ನಾನು ಬರುವ ಮೊದಲೇ ಸೀರೆ ತುಂಬಿ, ಬಾಯಿ ಕಟ್ಟಿ ಇಟ್ಟಿದ್ದ ಚೀಲ ಅದು.